ನಿಷ್ಠೆಯ ಮಾತು, ತೀರ್ಪಿನ ಮಾತು

ಕ್ರೈಸ್ತ ಧರ್ಮವೊಂದೇ ರಕ್ಷಣೆಯ ಮಾರ್ಗವೇ ಎಂಬುದು ಮೇಲ್ನೋಟಕ್ಕೆ ಒಂದೇ ಪ್ರಶ್ನೆಯಾಗಿ ಕಂಡರೂ ಅದರೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳು ಹೆಣೆದುಕೊಂಡಿವೆ. ಲೋಕವನ್ನು ರಕ್ಷಿಸುವವನು ಕ್ರಿಸ್ತನೊಬ್ಬನೇ ಎಂಬುದು ಮೊದಲನೆಯದು. ಆ ರಕ್ಷಣೆಗೆ ಪಾತ್ರರಾಗಲು ದೀಕ್ಷಾಸ್ನಾನ ಪಡೆದು ಸಭೆಗೆ ಸೇರಲೇಬೇಕೇ ಎಂಬುದು ಎರಡನೆಯದು. ಸೇರದೆ ಹೊರಗುಳಿದವರ ಗತಿ ಇಂಥದ್ದೇ ಎಂದು ಹೇಳುವ ಅಧಿಕಾರ ಮನುಷ್ಯರಿಗೆ ಇದೆಯೇ ಎಂಬುದು ಮೂರನೆಯದು. ಮೊದಲನೆಯದಕ್ಕೆ ಹೌದೆಂದವರು ಉಳಿದೆರಡಕ್ಕೂ ಹೌದೆನ್ನಲೇಬೇಕು ಎಂದು ವಾದಿಗಳೂ ಪ್ರತಿವಾದಿಗಳೂ ಒಟ್ಟಿಗೇ ನಂಬಿರುವುದರಿಂದ ಈ ಚರ್ಚೆ ಬಹಳ ಸಲ ಚರ್ಚೆಯಾಗದೆ ಜಗಳವಾಗಿ ಮುಗಿಯುತ್ತದೆ. ಕ್ರೈಸ್ತ ಪರಂಪರೆಯ ಗ್ರಂಥವನ್ನೂ ಇತಿಹಾಸವನ್ನೂ, ಅದರಲ್ಲಿಯೂ ಕನ್ನಡ ನೆಲದಲ್ಲಿ ನಡೆದ ಚಿಂತನೆಯನ್ನು, ಹತ್ತಿರದಿಂದ ನೋಡಿದಾಗ ಈ ಮೂರೂ ಬೇರೆಬೇರೆಯಾಗಿ ನಿಲ್ಲುತ್ತವೆ.

ಪ್ರಶ್ನೆ ಧರ್ಮಶಾಸ್ತ್ರದ ತರಗತಿಗಳಿಗೆ ಮಾತ್ರ ಸೇರಿದ್ದಲ್ಲ. ಹೈದರಾಬಾದಿನ ಪಶ್ಚಿಮ ಅಂಚಿನ ಗಚ್ಚಿಬೌಲಿಗೆ 1974ರಲ್ಲಿ ಸ್ಥಾಪನೆಯಾದ ಹೈದರಾಬಾದ್ ವಿಶ್ವವಿದ್ಯಾಲಯವೂ ಆಮೇಲೆ ಬೆಳೆದ ಸಾಫ್ಟ್‌ವೇರ್ ಕಂಪನಿಗಳೂ ದೇಶದ ಎಲ್ಲ ಕಡೆಯ ಜನರನ್ನು ತಂದಿವೆ; 1956ರವರೆಗೆ ಇದೇ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗಂತೂ ಕೆಲಸ ಹುಡುಕಿ ಹೊರಡಲು ಅದು ಬೆಂಗಳೂರಿಗಿಂತ ಹತ್ತಿರದ ಊರು. ಲಿಂಗಾಯತ, ಮೆಥೊಡಿಸ್ಟ್, ಮುಸ್ಲಿಂ ಮನೆಗಳು ಒಂದೇ ಅಪಾರ್ಟ್‌ಮೆಂಟಿನ ಒಂದೇ ಮಹಡಿಯನ್ನು ಹಂಚಿಕೊಳ್ಳುವಂಥ ಕಡೆ, ಮದುವೆಯ ಮಾತುಕತೆಯಲ್ಲೋ ಸಾವಿನ ಮನೆಯಲ್ಲೋ, ಪಕ್ಕದ ಮನೆಯವರ ದೇವರು ಅವರನ್ನು ಉಳಿಸಬಲ್ಲನೇ ಎಂಬುದು ಗ್ರಂಥದ ಪ್ರಶ್ನೆಯಾಗಿ ಉಳಿಯದೆ ನೆರೆಹೊರೆಯ ಪ್ರಶ್ನೆಯಾಗುತ್ತದೆ.

ಕನ್ನಡದಲ್ಲಿ ಇದನ್ನು ಕೇಳುವಾಗ ಶಬ್ದಗಳೇ ಅರ್ಧ ಉತ್ತರವನ್ನು ಹೊತ್ತು ತರುತ್ತವೆ. ಕನ್ನಡದ ಕ್ರೈಸ್ತರು ಬಳಸುವ ‘ರಕ್ಷಣೆ’ ಎಂಬ ಪದ ಅಪಾಯದಲ್ಲಿರುವವನನ್ನು ಇನ್ನೊಬ್ಬನು ಕೈಹಿಡಿದು ಉಳಿಸುವ ಕ್ರಿಯೆಯನ್ನು ಹೇಳುತ್ತದೆ; ‘ಮೋಕ್ಷ’, ‘ಮುಕ್ತಿ’ ಎಂಬ ಪದಗಳು ಕಟ್ಟಿನಿಂದ ಬಿಡುಗಡೆಯಾಗುವುದನ್ನು ಹೇಳುತ್ತವೆ. ಒಂದು ಪಾಪವೆಂಬ ಮುರಿದ ಸಂಬಂಧದಿಂದ ಹೊರಟು ದೇವರೊಡನೆ ಕೂಡಿ ಬಾಳುವುದರಲ್ಲಿ ಮುಗಿದರೆ, ಇನ್ನೊಂದು ಹುಟ್ಟುಸಾವುಗಳ ಸುತ್ತಿನಿಂದ ಹೊರಟು, ದರ್ಶನಕ್ಕೆ ತಕ್ಕಂತೆ, ಬ್ರಹ್ಮೈಕ್ಯದಲ್ಲೋ ವೈಕುಂಠದಲ್ಲೋ ಲಿಂಗಾಂಗ ಸಾಮರಸ್ಯದಲ್ಲೋ ಮುಗಿಯುತ್ತದೆ. ಹೀಗಿರುವಾಗ ಮಾರ್ಗ ಒಂದೋ ಹಲವೋ ಎಂದು ಕೇಳುವ ಮೊದಲು ಹೋಗಿ ಸೇರುವ ಊರು ಒಂದೇ ಹೌದೇ ಎಂದು ಕೇಳಬೇಕಾಗುತ್ತದೆ. ಅಮೆರಿಕದ ಚಿಂತಕ ಮಾರ್ಕ್ ಹೈಮ್ 1995ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಧರ್ಮಗಳು ಬೇರೆ ಬೇರೆ ಗುರಿಗಳಿಗೆ ನಿಜವಾಗಿಯೂ ಒಯ್ಯಬಲ್ಲವೆಂದು ವಾದಿಸಿದ್ದು ಈ ಕಾರಣದಿಂದಲೇ. ‘ಮಾರ್ಗ’ ಎಂಬ ಪದದ ಕಥೆ ಇನ್ನೂ ಸೂಕ್ಷ್ಮವಾದದ್ದು. ಯೋಹಾನನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ ಕ್ರಿಸ್ತನು ತನ್ನನ್ನೇ ದಾರಿಯೆಂದು ಕರೆದುಕೊಳ್ಳುವ ಮಾತನ್ನು ಕನ್ನಡಕ್ಕೆ ತಂದವರು ಬಳಸಿದ ಪದ ಅದೇ; ಆದರೆ ಜ್ಞಾನಮಾರ್ಗ, ಕರ್ಮಮಾರ್ಗ, ಭಕ್ತಿಮಾರ್ಗ ಎಂಬ ಬಳಕೆಗೆ ಒಗ್ಗಿದ ಕಿವಿಗೆ ‘ಮಾರ್ಗ’ ಎಂದೊಡನೆ ಇನ್ನೊಂದು ಮಾರ್ಗವೂ ಕೇಳಿಸುತ್ತದೆ. ಮಂಗಳೂರಿನ ಕಡೆ ಬಸ್ಸು ಓಡಾಡುವ ರಸ್ತೆಗೂ ಜನ ಮಾರ್ಗವೆಂದೇ ಹೇಳುವುದರಿಂದ, ಒಂದೇ ಮಾರ್ಗವಿದೆ ಎಂಬ ಮಾತನ್ನು ಆ ಭಾಷೆಯಲ್ಲಿ ಹೇಳುವವನು ಭಾಷೆಯ ರೂಢಿಗೆ ಎದುರಾಗಿಯೇ ಹೇಳಬೇಕಾಗುತ್ತದೆ.

ಹೊಸ ಒಡಂಬಡಿಕೆಯಲ್ಲಿ ಎರಡು ಧಾರೆಗಳು ಒಟ್ಟಿಗೆ ಹರಿಯುತ್ತವೆ. ಯೋಹಾನನ ಆ ವಾಕ್ಯವೂ, ಅಪೊಸ್ತಲರ ಕೃತ್ಯಗಳ 4ನೆಯ ಅಧ್ಯಾಯದಲ್ಲಿ ಯೇಸುವಿನ ಹೆಸರಿನ ಹೊರತು ರಕ್ಷಣೆಯಿಲ್ಲವೆಂದು ಪೇತ್ರನು ಸಾರುವ ಮಾತೂ ಮೊದಲ ಧಾರೆಗೆ ಸೇರಿದವು. ಅದೇ ಗ್ರಂಥದ 10ನೆಯ ಅಧ್ಯಾಯದಲ್ಲಿ ರೋಮನ್ ಸೇನಾಧಿಕಾರಿ ಕೊರ್ನೇಲ್ಯನ ಮನೆಯಲ್ಲಿ ಅದೇ ಪೇತ್ರನು, ಯಾವ ಜನಾಂಗದವನಾದರೂ ದೇವರಿಗೆ ಅಂಜಿ ನೀತಿಯಿಂದ ನಡೆದರೆ ದೇವರು ಅವನನ್ನು ಮೆಚ್ಚುತ್ತಾನೆಂದು ಒಪ್ಪಿಕೊಳ್ಳುತ್ತಾನೆ. ಮತ್ತಾಯನ 25ನೆಯ ಅಧ್ಯಾಯದ ಕಡೆಯ ನ್ಯಾಯತೀರ್ಪಿನ ಚಿತ್ರದಲ್ಲಿ ಹಸಿದವರಿಗೆ ಅನ್ನವಿಟ್ಟವರು ತಾವು ಕ್ರಿಸ್ತನಿಗೆ ಉಣಬಡಿಸಿದ್ದೆಂಬುದು ತಮಗೇ ತಿಳಿಯದೆ ರಾಜ್ಯವನ್ನು ಪಡೆಯುತ್ತಾರೆ. ಎರಡು ಧಾರೆಗಳೂ ಒಂದೇ ಮಾತಿನಲ್ಲಿ ಕೂಡುವುದು ಯೋಹಾನನ 4ನೆಯ ಅಧ್ಯಾಯದ ಬಾವಿಕಟ್ಟೆಯ ಸಂಭಾಷಣೆಯಲ್ಲಿ. ಸಮಾರ್ಯದ ಹೆಂಗಸು ತಮ್ಮವರ ಬೆಟ್ಟ ಸರಿಯೋ ಯೆಹೂದ್ಯರ ಯೆರೂಸಲೇಮ್ ಸರಿಯೋ ಎಂದು ಕೇಳಿದಾಗ ಯೇಸು, ರಕ್ಷಣೆ ಬರುವುದು ಯೆಹೂದ್ಯರಿಂದಲೇ ಎಂದು ಸ್ಪಷ್ಟವಾಗಿ ಹೇಳುತ್ತಾನೆ, ಅದರೊಡನೆಯೇ ಆರಾಧನೆ ಆ ಬೆಟ್ಟಕ್ಕೂ ಆ ನಗರಕ್ಕೂ ಕಟ್ಟುಬೀಳದ ಕಾಲ ಬಂದಿದೆ ಎಂದೂ ಹೇಳುತ್ತಾನೆ. ಮೂಲ ಒಂದೇ ಎಂಬುದನ್ನು ಬಿಟ್ಟುಕೊಡದೆ, ಆ ಮೂಲ ಒಂದು ಜಾಗದ, ಒಂದು ಸಂಸ್ಥೆಯ ಸೊತ್ತಲ್ಲ ಎಂಬ ನಿಲುವು ಇದು. ಮುಂದಿನ ಎರಡು ಸಾವಿರ ವರ್ಷಗಳ ಚರ್ಚೆಯ ಬೀಜವೂ ಇಲ್ಲಿಯೇ ಇದೆ.

ಸಭೆಯ ಹೊರಗೆ ರಕ್ಷಣೆಯಿಲ್ಲ ಎಂಬ ಸೂತ್ರವನ್ನು ಸಾಮಾನ್ಯವಾಗಿ 3ನೆಯ ಶತಮಾನದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ನನ ಹೆಸರಿಗೆ ಹಚ್ಚಲಾಗುತ್ತದೆ. ಅವನು ಅದನ್ನು ಹೇಳಿದ್ದು ಅನ್ಯಧರ್ಮೀಯರನ್ನು ಕುರಿತಲ್ಲ, ಸಭೆಯನ್ನು ಒಡೆದು ಹೊರಹೋಗುತ್ತಿದ್ದ ಕ್ರೈಸ್ತರನ್ನು ಕುರಿತು. ಮನೆಯೊಳಗಿನವರಿಗೆ ಹೇಳಿದ ಎಚ್ಚರಿಕೆ ಕ್ರಮೇಣ ಮನೆಯ ಹೊರಗಿನವರ ಮೇಲಿನ ತೀರ್ಪಾಗಿ ಬೆಳೆಯಿತು, 1442ರಲ್ಲಿ ಫ್ಲಾರೆನ್ಸಿನ ಮಹಾಸಭೆ ಅದನ್ನು ಯೆಹೂದ್ಯರಿಗೂ ಅನ್ಯಧರ್ಮೀಯರಿಗೂ ಎಲ್ಲ ಭಿನ್ನಮತೀಯರಿಗೂ ಅನ್ವಯಿಸಿ ಘೋಷಿಸಿತು. ಅದಕ್ಕಿಂತ ಎಷ್ಟೋ ಹಿಂದೆ, 2ನೆಯ ಶತಮಾನದಲ್ಲಿ, ಜಸ್ಟಿನ್ ಎಂಬ ಚಿಂತಕನು ದೈವೀ ವಾಕ್ಯದ ಬೀಜ ಎಲ್ಲ ಮನುಷ್ಯರಲ್ಲಿಯೂ ಬಿತ್ತಲ್ಪಟ್ಟಿದೆಯೆಂದು ಹೇಳಿ ಸಾಕ್ರೆಟಿಸನನ್ನೂ ಕ್ರೈಸ್ತರ ಸಾಲಿಗೆ ಸೇರಿಸಿದ್ದನು. ಇಪ್ಪತ್ತನೆಯ ಶತಮಾನದಲ್ಲಿ ಬಾಸ್ಟನ್ನಿನ ಪಾದ್ರಿ ಲಿಯೊನಾರ್ಡ್ ಫೀನಿ, ಕಥೋಲಿಕ ಸಭೆಗೆ ಸೇರದ ಯಾರಿಗೂ ರಕ್ಷಣೆಯಿಲ್ಲವೆಂದು ಅಕ್ಷರಶಃ ಬೋಧಿಸತೊಡಗಿದಾಗ ರೋಮ್ 1949ರಲ್ಲಿ ಅವನ ಅರ್ಥವಿವರಣೆಯನ್ನು ತಿರಸ್ಕರಿಸಿತು, ಕರೆದರೂ ರೋಮಿಗೆ ಬಾರದ ಅವಿಧೇಯತೆಗಾಗಿ 1953ರಲ್ಲಿ ಅವನನ್ನೇ ಸಭೆಯಿಂದ ಹೊರಗಿಟ್ಟಿತು. ಹೊರಗೆ ರಕ್ಷಣೆಯಿಲ್ಲ ಎಂದು ಹಠ ಹಿಡಿದವನೇ ಹೊರಗಾದದ್ದು ಇತಿಹಾಸದ ವಿಪರ್ಯಾಸ. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ, ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದವರು ಪ್ರಾಮಾಣಿಕವಾಗಿ ದೇವರನ್ನು ಅರಸಿ ಮನಃಸಾಕ್ಷಿಯಂತೆ ನಡೆದರೆ ರಕ್ಷಣೆ ಪಡೆಯಬಲ್ಲರೆಂದು ಒಪ್ಪಿತು, 1965ರ ಅಕ್ಟೋಬರ್ 28ರಂದು ಹೊರಬಂದ ಘೋಷಣೆಯಲ್ಲಿ ಅನ್ಯಧರ್ಮಗಳಲ್ಲಿರುವ ಸತ್ಯವಾದುದನ್ನೂ ಪವಿತ್ರವಾದುದನ್ನೂ ಸಭೆ ತಳ್ಳಿಹಾಕುವುದಿಲ್ಲವೆಂದು ಸಾರಿತು. 2000ದಲ್ಲಿ ಪ್ರಕಟವಾದ ‘ದೊಮಿನುಸ್ ಯೇಸುಸ್’ ಎಂಬ ದಾಖಲೆಯಲ್ಲಿ ರೋಮ್, ರಕ್ಷಕನು ಕ್ರಿಸ್ತನೊಬ್ಬನೇ ಎಂಬುದನ್ನು ಮತ್ತೆ ಗಟ್ಟಿಯಾಗಿ ಹೇಳಿತು. ಅಂದರೆ ಲೋಕದ ಅತಿ ದೊಡ್ಡ ಕ್ರೈಸ್ತ ಸಭೆ ಮೊದಲ ಪ್ರಶ್ನೆಗೆ ಹೌದೆಂದೂ ಎರಡನೆಯದಕ್ಕೆ ಕಟ್ಟುನಿಟ್ಟಾದ ಅರ್ಥದಲ್ಲಿ ಇಲ್ಲವೆಂದೂ ಉತ್ತರಿಸಿದೆ.

ಈ ಉತ್ತರಗಳನ್ನು ವಿದ್ವಾಂಸರು, 1983ರಲ್ಲಿ ಆಲನ್ ರೇಸ್ ಮಾಡಿದ ವಿಂಗಡಣೆಯನ್ನು ಅನುಸರಿಸಿ, ಮೂರು ಗುಂಪುಗಳಾಗಿ ಇಡುತ್ತಾರೆ. ಕ್ರಿಸ್ತನನ್ನು ಅರಿತು ನಂಬಿದವರಿಗೆ ಮಾತ್ರ ರಕ್ಷಣೆ ಎಂಬುದು ಏಕಮಾರ್ಗವಾದ. ರಕ್ಷಿಸುವವನು ಕ್ರಿಸ್ತನೇ ಆದರೂ ಅವನ ಕೃಪೆ ಅವನ ಹೆಸರು ತಿಳಿಯದವರನ್ನೂ ಅವರವರ ಧರ್ಮದೊಳಗೇ ಮುಟ್ಟಬಲ್ಲದು ಎಂಬುದು ಅಂತರ್ಗತವಾದ. ಧರ್ಮಗಳೆಲ್ಲ ಒಂದೇ ಪರಮಸತ್ಯಕ್ಕೆ ಮನುಷ್ಯರು ತೋರಿದ ಬೇರೆ ಬೇರೆ ಸ್ಪಂದನಗಳು ಎಂಬುದು ಬಹುಮಾರ್ಗವಾದ. ಜರ್ಮನಿಯ ಕಾರ್ಲ್ ರಾನರ್ ಎರಡನೆಯದರ ಪ್ರತಿಪಾದಕನಾಗಿ ಹೊರಗಿನ ಸಜ್ಜನರನ್ನು ಹೆಸರಿಲ್ಲದ ಕ್ರೈಸ್ತರೆಂದು ಕರೆದನು. ಇಂಗ್ಲೆಂಡಿನ ಜಾನ್ ಹಿಕ್ ಮೂರನೆಯದರ ಪ್ರಮುಖ ವಕ್ತಾರನಾದನು. ಮೊದಲ ವಾದಕ್ಕೆ ಎದುರಾಗುವ ಅತಿ ಕಠಿಣವಾದ ಪ್ರಶ್ನೆಯನ್ನು ಕನ್ನಡದ ಓದುಗರು ದೂರ ಹೋಗಿ ಹುಡುಕಬೇಕಿಲ್ಲ. ಗಚ್ಚಿಬೌಲಿಯಿಂದ ಮುಂಬಯಿ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೋದರೆ ಬಸವಕಲ್ಯಾಣ ಸಿಗುತ್ತದೆ. ಅಲ್ಲಿ 12ನೆಯ ಶತಮಾನದಲ್ಲಿ ಕಾಯಕ ಮಾಡಿ ದಾಸೋಹ ನಡೆಸಿ ಸತ್ತ ಒಬ್ಬ ಶರಣೆಗೆ ಸುವಾರ್ತೆಯ ಒಂದು ಅಕ್ಷರವೂ ತಲುಪುವ ಸಾಧ್ಯತೆ ಇರಲಿಲ್ಲ. ಎಲ್ಲರೂ ರಕ್ಷಣೆ ಹೊಂದಬೇಕೆಂಬುದೇ ದೇವರ ಇಚ್ಛೆಯೆಂದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆ ಹೇಳುವಾಗ, ಆ ಇಚ್ಛೆ ಭೂಗೋಳದ ಕಾರಣಕ್ಕೆ ಸೋತಿತೆಂದು ಹೇಳುವುದು ದೇವರ ನ್ಯಾಯವನ್ನೂ ಶಕ್ತಿಯನ್ನೂ ಒಟ್ಟಿಗೆ ಪ್ರಶ್ನಿಸಿದಂತಾಗುತ್ತದೆ.

ಕನ್ನಡ ನಾಡಿನಲ್ಲಿ ಈ ಬಿಕ್ಕಟ್ಟು ಮೊದಲು ಕಾಣಿಸಿದ್ದು ವಾದದಲ್ಲಲ್ಲ, ಅಚ್ಚುಮೊಳೆಗಳಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಏಕಮಾರ್ಗವಾದವನ್ನು ಅನುಮಾನವಿಲ್ಲದೆ ನಂಬಿದ್ದರು. 1844ರಲ್ಲಿ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ಎದ್ದ ಕೋಲಾಹಲ, ಆ ನಂಬಿಕೆಗೆ ಮನೆತನಗಳು ತೆರಬೇಕಾಗಿದ್ದ ಬೆಲೆಯನ್ನು ತೋರಿಸುತ್ತದೆ. ಆದರೆ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಮುಂದೆ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಬಸವಪುರಾಣವನ್ನೂ ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದನು. 1894ರ ನಿಘಂಟಿನಿಂದ ಮನೆಮಾತಾದ ಫರ್ಡಿನೆಂಡ್ ಕಿಟೆಲ್ 1862ರಲ್ಲಿ ಕ್ರಿಸ್ತನ ಜೀವನವನ್ನು ‘ಕಥಾಮಾಲೆ’ಯಾಗಿ ಕನ್ನಡದ ಛಂದಸ್ಸಿಗೆ ಇಳಿಸಿದನು. ಯಾರನ್ನು ಕತ್ತಲೆಯಿಂದ ಹೊರತರಲು ಬಂದರೋ ಅವರ ಹಾಡುಗಳನ್ನೇ ಬೆಳಕಿಗೆ ತರುವುದರಲ್ಲಿ ಇವರ ಆಯುಷ್ಯ ಸವೆಯಿತು. ಸಿದ್ಧಾಂತ ಬದಲಾಗದಿದ್ದರೂ ಕಿವಿ ಬದಲಾಯಿತು.

ಸಿದ್ಧಾಂತವನ್ನೂ ಬದಲಿಸಲು ಯತ್ನಿಸಿದವರು ಮುಂದಿನ ಶತಮಾನದ ಭಾರತೀಯರು. 1938ರ ಡಿಸೆಂಬರಿನಲ್ಲಿ ಮದರಾಸಿನ ತಾಂಬರಂನಲ್ಲಿ ನಡೆದ ಅಂತರರಾಷ್ಟ್ರೀಯ ಮಿಷನರಿ ಸಮ್ಮೇಳನದಲ್ಲಿ ಡಚ್ ವಿದ್ವಾಂಸ ಹೆಂಡ್ರಿಕ್ ಕ್ರೇಮರ್, ಕ್ರಿಸ್ತನಲ್ಲಿ ದೇವರು ತೋರಿಸಿಕೊಂಡದ್ದಕ್ಕೂ ಮನುಷ್ಯರು ಕಟ್ಟಿಕೊಂಡ ಧರ್ಮಗಳಿಗೂ ಸೇತುವೆಯಿಲ್ಲವೆಂದು ವಾದಿಸಿದಾಗ, ಪಿ. ಚೆಂಚಯ್ಯ ಮೊದಲಾದವರು ಅದೇ ವರ್ಷ ಒಂದು ಪ್ರತಿಗ್ರಂಥವನ್ನೇ ಹೊರತಂದರು. ಪಿ.ಡಿ. ದೇವನಂದನ್ 1957ರಲ್ಲಿ ಬೆಂಗಳೂರಿನಲ್ಲಿ ಧರ್ಮ ಮತ್ತು ಸಮಾಜದ ಅಧ್ಯಯನಕ್ಕಾಗಿ ಆರಂಭವಾದ ಕ್ರೈಸ್ತ ಸಂಸ್ಥೆಯನ್ನು ಮುನ್ನಡೆಸಿದರು. ಈ ಧಾರೆಯ ಅತಿ ಮುಖ್ಯ ಕನ್ನಡಿಗರು ಸ್ಟ್ಯಾನ್ಲಿ ಸಮರ್ಥ. ಅವರು 1920ರಲ್ಲಿ ಕಾರ್ಕಳದಲ್ಲಿ ಬಾಸೆಲ್ ಮಿಷನ್ನಿನ ಪರಂಪರೆಯಲ್ಲಿ ಹುಟ್ಟಿ, ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದು, ಜಿನೀವಾದ ಜಾಗತಿಕ ಸಭೆಗಳ ಒಕ್ಕೂಟದಲ್ಲಿ 1971ರಲ್ಲಿ ಅನ್ಯಧರ್ಮೀಯರೊಡನೆ ಸಂವಾದಕ್ಕೆಂದು ತೆರೆದ ವಿಭಾಗದ ಮೊದಲ ನಿರ್ದೇಶಕರಾದರು.

ಕಾರ್ಕಳ ಇಂಥ ಚಿಂತನೆಗೆ ತಕ್ಕ ಊರು. ಅಲ್ಲಿ 1432ರ ಗೊಮ್ಮಟನ ಏಕಶಿಲಾಮೂರ್ತಿ ಇದೆ. ಅದರೆದುರಿನ ಬಂಡೆಯ ಮೇಲೆ 1586ರ ಚತುರ್ಮುಖ ಬಸದಿ ಇದೆ. ಆ ತಾಲ್ಲೂಕಿನ ಅತ್ತೂರಿನಲ್ಲಿ, 2016ರಲ್ಲಿ ಬಸಿಲಿಕ ಎಂಬ ಗೌರವ ಪಡೆದ ಸಂತ ಲಾರೆನ್ಸರ ಇಗರ್ಜಿ ಇದೆ. ಜನವರಿಯ ಜಾತ್ರೆಯ ದಿನಗಳಲ್ಲಿ ಅಲ್ಲಿ ಮೇಣದ ಬತ್ತಿ ಹಚ್ಚಿ ಹರಕೆ ಸಲ್ಲಿಸುವ ಸಾಲಿನಲ್ಲಿ ಹಣೆಗೆ ಕುಂಕುಮವಿಟ್ಟವರೂ ತಲೆಗೆ ಸೆರಗು ಹೊದ್ದ ಕ್ರೈಸ್ತ ಹೆಂಗಸರೂ ಹಿಂದುಮುಂದಾಗಿ ನಿಂತಿರುತ್ತಾರೆ. ಕೃಪೆ ಯಾರ ಪಾಲಿನದೆಂಬ ಪ್ರಶ್ನೆ ಆ ಸಾಲಿನಲ್ಲಿ ಏಳುವುದಿಲ್ಲ. 1991ರ ‘ಒನ್ ಕ್ರೈಸ್ಟ್, ಮೆನಿ ರಿಲಿಜನ್ಸ್’ ಎಂಬ ಕೃತಿಯಲ್ಲಿ ಸಮರ್ಥರು ಕ್ರಿಸ್ತನನ್ನು ಕುರಿತ ಎರಡು ಬಗೆಯ ಚಿಂತನೆಗಳನ್ನು ಎರಡು ವಾಹನಗಳಿಗೆ ಹೋಲಿಸಿದರು. ಒಂದು ಮೇಲಿನಿಂದ ಇಳಿಯುವ ಹೆಲಿಕಾಪ್ಟರ್. ಅದು ಇಳಿಯುವಾಗ ಎಬ್ಬಿಸುವ ಧೂಳಿನಲ್ಲಿ ಕೆಳಗಿನವರಿಗೆ ಬಂದವರ ಮುಖವೇ ಕಾಣಿಸುವುದಿಲ್ಲ, ಸದ್ದಿನಲ್ಲಿ ಮಾತೂ ಕೇಳಿಸುವುದಿಲ್ಲ. ಇನ್ನೊಂದು ಎತ್ತಿನ ಗಾಡಿ. ಅದರ ಗಾಲಿ ಏಷ್ಯದ ಹಳ್ಳಿದಾರಿಯ ಮಣ್ಣನ್ನು ಎಂದೂ ಬಿಟ್ಟಿರುವುದಿಲ್ಲ. ದೇವರೆಂಬ ರಹಸ್ಯ ಯಾವ ಒಂದು ಧರ್ಮದ ಹೆಸರಿನಲ್ಲಿಯೂ ಪೂರ್ತಿ ಅಡಗುವುದಿಲ್ಲವಾದ್ದರಿಂದ, ಕ್ರಿಸ್ತನಲ್ಲಿ ದೇವರನ್ನು ಕಂಡವರು ಆ ಕಾಣ್ಕೆಗೆ ಬದ್ಧರಾಗಿದ್ದುಕೊಂಡೇ ಇತರರ ಕಾಣ್ಕೆಗೂ ತೆರೆದಿರಬಹುದು ಎಂಬುದು ಅವರ ವಾದದ ತಿರುಳು.

ಈ ವಾದದಲ್ಲಿ ಔದಾರ್ಯವಿದೆ, ಆದರೆ ತೊಡಕೂ ಇದೆ. ಎಲ್ಲ ಹೆಸರುಗಳನ್ನೂ ಮೀರಿದ ರಹಸ್ಯ ಎಂಬುದು ಯಾವ ಪಕ್ಷಕ್ಕೂ ಸೇರದ ನೆಲವಲ್ಲ. ನಾಮರೂಪಗಳಾಚೆಯ ಪರತತ್ತ್ವವನ್ನು ಹೇಳುವ ಅದ್ವೈತಕ್ಕೆ ಅದು ಹತ್ತಿರ, ನಾಮವನ್ನೇ ತಾರಕವೆನ್ನುವ ದಾಸಪಂಥಕ್ಕೂ ದೂತರ ಮೂಲಕ ಮಾತನಾಡುವ ದೇವರನ್ನು ನಂಬುವ ಇಸ್ಲಾಮಿಗೂ ದೂರ. ಸಮರ್ಥರ ಊರಿನ ಚತುರ್ಮುಖ ಬಸದಿಯೇ ಇದನ್ನು ಕಲ್ಲಿನಲ್ಲಿ ತೋರಿಸುತ್ತದೆ: ಅದಕ್ಕೆ ನಾಲ್ಕು ದಿಕ್ಕಿಗೂ ಒಂದೇ ಅಳತೆಯ ಬಾಗಿಲುಗಳಿವೆ, ಯಾವ ಬಾಗಿಲಿನಿಂದ ನೋಡಿದರೂ ಅವೇ ಮೂವರು ತೀರ್ಥಂಕರರು ಕಾಣುತ್ತಾರೆ, ಆದರೆ ನಾಲ್ಕು ಬಾಗಿಲಿನ ಆ ಬಸದಿ ಜೈನ ಬಸದಿಯೇ. ಎಲ್ಲ ಮಾರ್ಗಗಳೂ ಒಂದೇ ಕಡೆಗೆ ಎಂದು ಹೇಳುವವರು ಕೂಡ, ಆ ‘ಒಂದೇ ಕಡೆ’ ಹೇಗಿದೆಯೆಂದು ಹೇಳತೊಡಗಿದ ಕ್ಷಣದಿಂದ, ತಮ್ಮದೇ ಒಂದು ಗರ್ಭಗುಡಿಯನ್ನು ಕಟ್ಟತೊಡಗಿರುತ್ತಾರೆ.

ಇನ್ನೊಂದು ತೊಡಕು ಸಾಮಾಜಿಕವಾದದ್ದು. ತೆಲಂಗಾಣದ ದೋರ್ನಕಲ್, ಮೇದಕ್ ಪ್ರದೇಶಗಳಲ್ಲಿ ಕ್ರೈಸ್ತರಾದವರಲ್ಲಿ ಹೆಚ್ಚಿನವರು ಮಾಲ, ಮಾದಿಗ ಸಮುದಾಯಗಳವರು. ದೋರ್ನಕಲ್ಲಿನ ಬಿಷಪ್ ವಿ.ಎಸ್. ಅಜರಯ್ಯ 1912ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದವರು. 1930ರ ದಶಕದಲ್ಲಿ ಗಾಂಧೀಜಿ, ಧರ್ಮಗಳೆಲ್ಲ ಸಮಾನವಾಗಿರುವಾಗ ಮತಾಂತರವೇಕೆ ಎಂದು ಕೇಳಿದಾಗ ಅಜರಯ್ಯ ಒಪ್ಪಲಿಲ್ಲ. ಯಾರನ್ನು ಗುಡಿಯೊಳಗೆ ಎಂದೂ ಕಾಲಿಡಲು ಬಿಟ್ಟಿರಲಿಲ್ಲವೋ ಅವನಿಗೆ ಎಲ್ಲ ಗುಡಿಗಳೂ ಸಮಾನವೆಂದು ಹೇಳುವುದು ಒಳಗಿರುವವರಿಗೆ ಸುಲಭವಾದ ಮಾತು. ಹೊಸ ಹೆಸರು, ಶಾಲೆ, ಒಂದೇ ಪಾತ್ರೆಯ ಪ್ರಭುಭೋಜನ ಇವುಗಳಲ್ಲಿ ರಕ್ಷಣೆಯನ್ನು ಕಂಡವನಿಗೆ ಮಾರ್ಗಗಳ ನಡುವಿನ ಭೇದ ತತ್ತ್ವಜ್ಞಾನದ ವಿಷಯವಾಗಿರಲಿಲ್ಲ, ಬದುಕಿನ ವಿಷಯವಾಗಿತ್ತು. ಆದ್ದರಿಂದ ‘ಇದೇ ಮಾರ್ಗ’ ಎಂಬ ಮಾತನ್ನು ಅಹಂಕಾರವೆಂದು ತಳ್ಳಿಹಾಕುವ ಮೊದಲು ಅದನ್ನು ಯಾರು, ಎಲ್ಲಿ ನಿಂತು ಹೇಳುತ್ತಿದ್ದಾರೆಂದು ನೋಡಬೇಕು.

ಆ ಮಾತು ಕ್ರೈಸ್ತರಿಗೆ ಮಾತ್ರ ಸೇರಿದ್ದೂ ಅಲ್ಲ. ಮಧ್ವಾಚಾರ್ಯರ ದ್ವೈತದಲ್ಲಿ ಮೋಕ್ಷವನ್ನು ಕೊಡುವವನು ವಿಷ್ಣುವೊಬ್ಬನೇ; ಜೀವರಲ್ಲಿ ಮುಕ್ತಿಗೆ ಅರ್ಹರು, ಸದಾ ಸಂಸಾರದಲ್ಲಿಯೇ ಸುತ್ತುವವರು, ಕತ್ತಲೆಗೆ ಸಲ್ಲುವವರು ಎಂಬ ಮೂರು ಬಗೆಗಳನ್ನು ಆ ದರ್ಶನ ಒಪ್ಪುತ್ತದೆ. ಶರಣರು ಹಲವು ದೈವಗಳಿಗೆ ಎರಗುವುದನ್ನು ಕಟುವಾಗಿ ಖಂಡಿಸಿ, ಶರಣನೇ ಸತಿ ಲಿಂಗವೇ ಪತಿ ಎಂಬ ಭಾವದಲ್ಲಿ ಏಕದೇವನಿಷ್ಠೆಯನ್ನು ಬೋಧಿಸಿದರು. ಈ ಕೊನೆಯ ನಿದರ್ಶನ ಕ್ರೈಸ್ತರ ‘ಒಬ್ಬನೇ’ ಎಂಬ ಮಾತಿನ ಸ್ವರೂಪವನ್ನೂ ತಿಳಿಸುತ್ತದೆ. ತನಗೆ ಗಂಡ ಒಬ್ಬನೇ ಎಂದು ಹೇಳುವ ಸತಿ ಊರಿನ ಉಳಿದ ಮದುವೆಗಳನ್ನು ಅಸಿಂಧುವೆಂದು ಘೋಷಿಸುತ್ತಿಲ್ಲ. ಅವಳದು ನಿಷ್ಠೆಯ ಮಾತು, ತೀರ್ಪಿನ ಮಾತಲ್ಲ. ಪೇತ್ರನು ಬೇರೆ ಹೆಸರಿಲ್ಲವೆಂದು ಸಾರಿದ್ದು ಕೂಡ ತನ್ನನ್ನು ಸೆರೆಗೆ ಹಾಕಿಸಿದ ಅಧಿಕಾರಿಗಳ ಮುಂದೆ ಕೈದಿಯಾಗಿ ನಿಂತು. ಅದೇ ವಾಕ್ಯ ಶತಮಾನಗಳ ಅನಂತರ ಅಧಿಕಾರದ ಪೀಠದಿಂದ ಹೊರಟಾಗ ಪದಗಳು ಬದಲಾಗದಿದ್ದರೂ ಅರ್ಥ ಬದಲಾಯಿತು.

‘ಒಬ್ಬನೇ’ ಎಂಬುದನ್ನು ಹೀಗೆ ನಿಷ್ಠೆಯ ಮಾತಾಗಿ ಓದುವುದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಕ್ರೈಸ್ತ ನಂಬಿಕೆ ಬರಿಯ ವೈಯಕ್ತಿಕ ನಿಷ್ಠೆಯಲ್ಲ. ಶಿಲುಬೆಯ ಮೇಲೆ ನಡೆದದ್ದು ಇಡೀ ಲೋಕಕ್ಕಾಗಿ ನಡೆಯಿತೆಂದು ಅದು ಹೇಳುತ್ತದೆ, ಹೀಗಿರುವಾಗ ಅದನ್ನು ಪ್ರೇಮದ ಭಾಷೆಯೆಂದಷ್ಟೇ ಓದಿದರೆ ಅದರ ಸತ್ಯದ ಹಕ್ಕನ್ನೇ ಕಳೆದಂತಾಗುತ್ತದೆ ಎಂಬುದು ಆ ಆಕ್ಷೇಪ. ಅದು ಸರಿಯೇ. ಆದರೆ ಶಿಲುಬೆಯ ಫಲ ಲೋಕಕ್ಕೆಲ್ಲ ಸಲ್ಲುತ್ತದೆ ಎಂಬ ಹಕ್ಕು ಎಷ್ಟು ವಿಶಾಲವೋ, ಅದು ಸಭೆಯ ದಾಖಲೆಪುಸ್ತಕದಲ್ಲಿ ಹೆಸರಿರುವವರಿಗೆ ಮಾತ್ರ ಸಲ್ಲುತ್ತದೆ ಎಂಬ ಹಕ್ಕು ಅಷ್ಟೇ ಸಂಕುಚಿತವಾದದ್ದು. ಮೊದಲನೆಯದನ್ನು ಗಟ್ಟಿಯಾಗಿ ನಂಬುವವನು ಎರಡನೆಯದನ್ನು ಒಪ್ಪುವುದು ಕಷ್ಟ. ಕಡೆಯ ತೀರ್ಪು ದೇವರದೆಂದು ಹೇಳುವ ಗ್ರಂಥವನ್ನು ಹಿಡಿದು ಮನುಷ್ಯನು ಆ ತೀರ್ಪನ್ನು ಮುಂಗಡವಾಗಿ ಬರೆದಿಟ್ಟರೆ ಅದು ಆ ಗ್ರಂಥಕ್ಕೇ ಮಾಡಿದ ಅವಿಧೇಯತೆ.

ಈ ಅರಿವು ಒಂದು ಸಂಸ್ಥೆಯ ನಡೆಯಾಗಿ ಹೈದರಾಬಾದಿನಲ್ಲಿಯೇ ಕಾಣುತ್ತದೆ. ಮುಸಲ್ಮಾನರ ನಡುವೆ ಸುವಾರ್ತೆ ಸಾರುವವರನ್ನು ತಯಾರಿಸಲು 1930ರಲ್ಲಿ ಲಾಹೋರಿನಲ್ಲಿ ಆರಂಭವಾದ ಹೆನ್ರಿ ಮಾರ್ಟಿನ್ ಸಂಸ್ಥೆ, ಹಲವು ಊರುಗಳನ್ನು ದಾಟಿ 1971ರಲ್ಲಿ ಹೈದರಾಬಾದಿಗೆ ಬಂದು, ಕ್ರಮೇಣ ಇಸ್ಲಾಮಿನ ಗಂಭೀರ ಅಧ್ಯಯನಕ್ಕೂ ಧರ್ಮಗಳ ನಡುವಿನ ಸಾಮರಸ್ಯಕ್ಕೂ ಹೊರಳಿತು. 1990ರ ಕೋಮುಗಲಭೆಯ ಅನಂತರ ಅದು ಹಳೆ ನಗರದ ಸುಲ್ತಾನ್ ಶಾಹಿಯಲ್ಲಿ ಹಿಂದೂ ಮತ್ತು ಮುಸ್ಲಿಂ ಕುಟುಂಬಗಳ ನಡುವೆ ಕೆಲಸಕ್ಕೆ ಇಳಿಯಿತು. ಆ ಸಂಸ್ಥೆ ಕ್ರಿಸ್ತನ ಹೆಸರನ್ನು ಬಿಟ್ಟುಕೊಡಲಿಲ್ಲ. ಆ ಹೆಸರಿನಲ್ಲಿ ಇತರರ ಗತಿಯನ್ನು ನಿರ್ಧರಿಸುವ ಕೆಲಸವನ್ನು ಬಿಟ್ಟುಕೊಟ್ಟಿತು.

ಮೂರು ಪ್ರಶ್ನೆಗಳಿಗೆ ಮರಳಿದರೆ, ರಕ್ಷಕನು ಕ್ರಿಸ್ತನೊಬ್ಬನೇ ಎಂದು ನಂಬುವುದು ಕ್ರೈಸ್ತನ ಹಕ್ಕು, ಅದಿಲ್ಲದೆ ಅವನ ನಂಬಿಕೆಗೆ ಅರ್ಥವಿಲ್ಲ. ರಕ್ಷಣೆ ಕ್ರೈಸ್ತ ಧರ್ಮವೆಂಬ ಸಂಸ್ಥೆಯ ಗಡಿಯೊಳಗೆ ಮಾತ್ರವೆಂಬುದಕ್ಕೆ ಅವನದೇ ಗ್ರಂಥದ ಮತ್ತು ಇತಿಹಾಸದ ಪೂರ್ಣ ಬೆಂಬಲವಿಲ್ಲ. ಹೊರಗಿನವರ ಗತಿಯನ್ನು ತೀರ್ಮಾನಿಸುವ ಅಧಿಕಾರವಂತೂ ಅವನಿಗೆ ಕೊಟ್ಟದ್ದೇ ಅಲ್ಲ. ನಿಷ್ಠೆ ಮನುಷ್ಯನ ಪಾಲಿನದು, ತೀರ್ಪು ದೇವರ ಪಾಲಿನದು.